ಕಂಪ್ಲಿಯ ಕಾಣದ ಉರಿ

"ನನ್ನ ಸೊಸಿ ಮಗನ್ನ ಕೊಂದಿಲ್ರಿ. ಆಕಿನ ಕೊಂದೀನಿ ಅಂದ್ರೂ ನಂಬಬ್ಯಾಡ್ರಿ."

ಹೊಸಪೇಟೆಯ ದುರ್ಗಕ್ಕನ ಪಡಸಾಲೆಯಲ್ಲಿ ಕುಳಿತು ಕಂಪ್ಲಿಯ ಉಚ್ಚಂಗೆಮ್ಮ ಹೀಗೆಂದಾಗ, ಬಾಗಿಲಲ್ಲಿ ನಿಂತಿದ್ದ ಪಾಲಪ್ಪ ಒಂದು ತಂಬಿಗೆ ನೀರು ತಂದು ಅವಳ ಮುಂದಿಟ್ಟ. ಮೊನ್ನೆಯಷ್ಟೇ ಮಗನನ್ನು ಮಣ್ಣು ಮಾಡಿದ ತಾಯಿ ಸೊಸೆಗಾಗಿ ಅಂಗಲಾಚಲು ಬಸ್ಸು ಹತ್ತಿ ಬಂದಿದ್ದಳು. ಅತ್ತೆ ಸೊಸೆ ಎಂದರೆ ಎಣ್ಣೆ ಸೀಗೆಕಾಯಿ ಎನ್ನುವವರು ಇವಳನ್ನು ನೋಡಬೇಕಿತ್ತು.

ದುರ್ಗಕ್ಕ ಸಂಡೂರಿನ ಗಣಿಯೊಂದರಲ್ಲಿ ಮೂವತ್ತು ವರ್ಷ ಸಿಡಿಮದ್ದಿನ ಉಗ್ರಾಣ ಕಾಯ್ದವಳು. ನಿವೃತ್ತಿಯಾದ ಮೇಲೆ ಸುತ್ತಲಿನ ಬಗೆಹರಿಯದ ಪ್ರಕರಣಗಳೆಲ್ಲ ಅವಳ ಮನೆ ಹುಡುಕಿಕೊಂಡು ಬರುತ್ತಿದ್ದವು. ಅವಳನ್ನು ಆಟೋದಲ್ಲಿ ತಿರುಗಿಸುವ ಕೆಲಸ ಪಾಲಪ್ಪನದು. ಬೈಸಿಕೊಳ್ಳುವ ಕೆಲಸವೂ ಅವನದೇ.

ಉಚ್ಚಂಗೆಮ್ಮನ ಮಗ ಮಾರೇಶ್ ಒಂದು ಕಂಪನಿ ಪರೀಕ್ಷೆಗೆ ಬಿಟ್ಟಿದ್ದ, ಹೈಡ್ರೋಜನ್ ಗ್ಯಾಸಿನಿಂದ ನಡೆಯುವ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಕಂಪ್ಲಿಯ ಕಬ್ಬಿನ ಗದ್ದೆಗಳ ನಡುವೆ ಅದರ ಶೆಡ್ಡು. ಅಮಾವಾಸ್ಯೆಯ ಮಧ್ಯಾಹ್ನ ಅವನ ಹೆಂಡತಿ ಅನುಸೂಯಾ ಬುತ್ತಿ ತಂದು, ಟ್ರ್ಯಾಕ್ಟರಿಗೆ ಕಾಯಿ ಒಡೆದು ಕರ್ಪೂರ ಬೆಳಗಿ ಮನೆಯತ್ತ ಹೊರಟಿದ್ದಳು. ಹತ್ತು ನಿಮಿಷದಲ್ಲೇ, ಗ್ಯಾಸು ತುಂಬಲು ಪೈಪಿನ ಬಳಿ ಹೋದ ಮಾರೇಶ್ ಸುಟ್ಟು ಸತ್ತ. ನನ್ನ ಕರ್ಪೂರವೇ ಗಂಡನನ್ನು ಕೊಂದಿತು ಎಂದು ಅನುಸೂಯಾ ತಾನಾಗಿ ಠಾಣೆಗೆ ಹೋಗಿ ಕುಳಿತಿದ್ದಳು.

"ಮೊಲಿ ಕುಡಿಯೋ ಕೂಸು ಮನ್ಯಾಗ ಐತ್ರಿ," ಎಂದಳು ಉಚ್ಚಂಗೆಮ್ಮ.

"ಮಾರೇಶ್ ಏನರ ಚಿಂತಿ ಮಾಡ್ತಿದ್ನೇನು?" ದುರ್ಗಕ್ಕ ಕೇಳಿದಳು.

"ಆ ಟ್ರ್ಯಾಕ್ಟರ್ ಹೊಗಿ ಬಿಡೂದಿಲ್ಲ, ಬರೇ ನೀರಿನ ಆವಿ ಬಿಡ್ತೈತಿ ಅಂತಿದ್ದ. ಮತ್ತ ನಿನ್ನ ಅಂಗಿ ಡೀಸೆಲ್ ಯಾಕ ನಾರ್ತೈತಲೇ ಅಂದೆ. 'ಸೋಮವಾರ ದೊಡ್ಡ ಸಾಹೇಬ್ರು ನೋಡಾಕ ಬರ್ತಾರಬೇ, ಅವ್ರ ಮುಂದ ಎಲ್ಲಾ ಹೇಳ್ತೀನಿ' ಅಂದಿದ್ದ."

ಕಂಪ್ಲಿ ಠಾಣೆಯ ಸಬ್‌ಇನ್‌ಸ್ಪೆಕ್ಟರ್ ಪಂಪೇಶ್ ದುರ್ಗಕ್ಕನಿಗೆ ಹಳೆಯ ಪರಿಚಯ. ಅವನು ಹೆಣದ ಪಕ್ಕ ಸಿಕ್ಕಿದ್ದ ತೆಂಗಿನ ಕಡ್ಡಿಯ ಕಸಬರಿಗೆಯನ್ನು ತೋರಿಸಿದ.

"ಹೈಡ್ರೋಜನ್ ಉರಿ ಬಿಸಿಲಾಗ ಕಾಣೂದಿಲ್ಲಕ್ಕಾ. ಅದಕ್ಕ ಪೈಪಿನ ಹತ್ರ ಹೋಗೋರು ಕಸಬರ್ಗಿ ಮುಂದ ಚಾಚಿ ಹೋಗಬೇಕು. ಕಡ್ಡಿ ಹತ್ಕೊಂಡ್ರ ಅಲ್ಲಿ ಉರಿ ಐತಿ ಅಂತ ಲೆಕ್ಕ. ವಾರಕ್ಕೊಮ್ಮೆ ಶೆಡ್ಡಿನ್ಯಾಗ ಉರಿ ಹಚ್ಚಿ ಇದನ್ನ ಕಲಿಸ್ತಾರಂತ. ಮಾರೇಶ್ ಚಾಚ್ಯಾನ, ಇದು ಹತ್ತಿಲ್ಲ. ಅಂದ್ರ ಬೆಂಕಿ ಆಮ್ಯಾಲ ಬಂದೈತಿ. ಕರ್ಪೂರದ ಕಿಡಿನ ಇರಬೇಕು."

ದುರ್ಗಕ್ಕ ಕಸಬರಿಗೆಯ ತುದಿಯನ್ನು ಬೆರಳಿಂದ ಸವರಿದಳು. ಕಡ್ಡಿಗಳೆಲ್ಲ ಚೂಪಾಗಿದ್ದವು, ಕಟ್ಟಿದ ಹುರಿಗೆ ಧೂಳು ತಾಗಿರಲಿಲ್ಲ. ಆಮೇಲೆ ಅನುಸೂಯಾಳ ಎದುರು ಕುಳಿತು, ಅಮಾವಾಸ್ಯೆಯ ದಿನ ಮುಂಜಾನೆಯಿಂದ ಮಾಡಿದ್ದೆಲ್ಲ ಹೇಳು ಎಂದಳು.

"ಎಂಟಕ್ಕ ಹೋಗಿ ಟ್ರ್ಯಾಕ್ಟರ್ ತೊಳದೆ. ಅವ್ರ ಕಸಬರ್ಗಿ ಕಬ್ಬಿನ ಸಾಲಾಗ ಇಟ್ಟೆ. ಕುಂಕುಮ ಹಚ್ಚಿ, ಅಡಗಿ ಮಾಡಾಕ ಮನಿಗೆ ಬಂದೆ," ಎಂದಳು ಅನುಸೂಯಾ, ಗೋಡೆಯನ್ನೇ ನೋಡುತ್ತ.

"ಕಸಬರ್ಗಿ ಯಾಕ ಇಟ್ಟಿ?"

"ಅಮಾಸಿಗೆ ಪೂಜಿ ಮಾಡಿದ ಗಾಡಿ ಮುಂದ ಹೊತ್ತು ಮುಳುಗೋತನ ಕಸಬರ್ಗಿ ಹಿಡಿಬಾರ್ದ್ರಿ. ನಮ್ಮ ಅತ್ತಿ ಮನ್ಯಾಗ ಹಂಗ."

ಶೆಡ್ಡಿನಲ್ಲಿ ಕಂಪನಿಯ ಎಂಜಿನಿಯರ್ ಕನಕರಾಜ್ ಇದ್ದ. ಹೊರಗಿನವನು, ಮಾತು ಬೆಣ್ಣೆ. "ನನ್ನ ಕಣ್ಣಾರೆ ನೋಡಿದೆ ಮೇಡಂ. ಮಾರೇಶ್ ಕಸಬರಿಗೆ ಚಾಚಿಕೊಂಡೇ ಹೋದ. ಪಾಪ, ನಿಯಮ ತಪ್ಪಿದವನಲ್ಲ."

ಕಾವಲುಗಾರ ತಾಯಪ್ಪ ಗೇಟಿನಲ್ಲಿದ್ದುದರಿಂದ ಏನನ್ನೂ ಕಂಡಿರಲಿಲ್ಲ. "ಕೂಗಿದ್ದೂ ಕೇಳಲಿಲ್ರಿ," ಎಂದು ಅವನು ತಲೆ ತಗ್ಗಿಸಿದ. "ಆಕಿ ಹೋದ ಕೂಡ್ಲೆ ಸಾಹೇಬ್ರು ಜನರೇಟರ್ ಚಾಲೂ ಮಾಡಿದ್ರು. ಕರೆಂಟ್ ಇತ್ತು, ಯಾಕೋ ಏನೋ."

ದುರ್ಗಕ್ಕ ಟ್ರ್ಯಾಕ್ಟರಿನ ಸೀಟನ್ನು ಎತ್ತಿ ನೋಡಿ ಇಳಿಸಿದಳು. ಬಳಿಕ ಕಬ್ಬಿನೊಳಗೆ ನುಗ್ಗಿದಳು. ಒಣಗಿದ ಗರಿಯ ರವದಿ ತರಚಿ ಪಾಲಪ್ಪನ ಮೈಯೆಲ್ಲ ಉರಿಯಿತು. "ಅಕ್ಕಾ, ಹಾವು ಗೀವು ಇರ್ತಾವ," ಎಂದು ಅವನು ಗೊಣಗಿದ.

"ಹಾವು ಹೊರಗ ನಿಂತೈತಲೇ, ಸುಮ್ನ ಬಾ."

ಮರುದಿನ ಬೆಳಿಗ್ಗೆ ಎಲ್ಲರನ್ನೂ ಶೆಡ್ಡಿಗೆ ಕರೆಸಿದಳು. ಪಂಪೇಶ್ ಅನುಸೂಯಾಳನ್ನು ಕರೆತಂದ. ದುರ್ಗಕ್ಕ ಎರಡು ಕಸಬರಿಗೆಗಳನ್ನು ನೆಲದ ಮೇಲಿಟ್ಟಳು. ಒಂದು ಠಾಣೆಯದು. ಇನ್ನೊಂದರ ತುದಿ ಕರಿಕಾಗಿತ್ತು.

"ವಾರಕ್ಕೊಮ್ಮೆ ಇಲ್ಲಿ ಉರಿ ಹಚ್ಚಿ ಕಸಬರ್ಗಿ ಹಿಡಿಯೋದು ಕಲಿಸ್ತಾರ. ಹಂಗಾಗಿ ಮಾರೇಶನ ಕಸಬರ್ಗಿ ತುದಿ ಸುಟ್ಟಿರಬೇಕು. ಸುಟ್ಟಿದ್ದು ಇದು, ಅನುಸೂಯಾ ಇಟ್ಟ ಸಾಲಾಗ ಇನ್ನೂ ಇತ್ತು. ಅಂದ ಮ್ಯಾಲ ಮಾರೇಶ್ ಅವತ್ತು ಬರಿಗೈಲೆ ಹೋಗ್ಯಾನ. ಹೆಣದ ಹತ್ರ ಇದ್ದದ್ದು ಕಂಪನಿ ಉಗ್ರಾಣದ ಹೊಸಾದು. ಅದನ್ನ ಆಮ್ಯಾಲ ಯಾರೋ ತಂದು ಹಾಕ್ಯಾರ. ಚಾಚಿದ್ದು ನೋಡ್ದೆ ಅಂದಾವ ಒಬ್ಬನ."

ಕನಕರಾಜ್ ಬೆವರು ಒರೆಸಿಕೊಂಡ. "ಇದೆಲ್ಲ ಊಹೆ. ಕರ್ಪೂರ ಹಚ್ಚಿದ್ದು ಸುಳ್ಳೇ?"

"ಗ್ಯಾಸು ಅಲ್ಲಿ ತುಂಬಿತ್ತಂದ್ರ ಆರತಿ ಎತ್ತಿದಾಗ ಆಕಿ ಕೈನ ಮೊದ್ಲು ಹತ್ತಬೇಕಿತ್ತು. ಹೈಡ್ರೋಜನ್ ನೆಲಕ್ಕ ಕುಂದ್ರೂದಿಲ್ಲ, ಮ್ಯಾಲ ಹೋಗ್ತೈತಿ. ಕರ್ಪೂರ ಆರಿದ ಮ್ಯಾಲ ನೀನು ಪೈಪಿನ ಕೀಲು ಸಡಿಲ ಮಾಡಿ, ಅಲ್ಲೇ ಉರಿ ಹಚ್ಚಿದಿ. ಅದು ಭುಸುಗುಡೋದು ಕೇಳಬಾರ್ದಂತ ಕರೆಂಟ್ ಇದ್ರೂ ಜನರೇಟರ್ ಹಾಕಿದಿ. ಅವನ ಕೂಗೂ ಅದರಾಗ ಮುಚ್ಚಿಹೋತು."

"ಅವನನ್ನು ನಾನು ಯಾಕೆ ಕೊಲ್ಲಲಿ?"

"ನಿನ್ನ ಎಂಜಿನ್ ಹೈಡ್ರೋಜನ್ ಮ್ಯಾಲ ಓಡೂದಿಲ್ಲ. ಸೀಟಿನ ಕೆಳಗ ಡೀಸೆಲ್ ಟ್ಯಾಂಕಿ ಐತಿ, ನಾ ನೋಡೀನಿ. ಜನರ ಕಣ್ಣಿಗೆ ದಿನಾ ಗ್ಯಾಸು ತುಂಬಸ್ತಿದ್ದಿ. ಸೋಮವಾರ ಮಾರೇಶ್ ಬಾಯಿ ಬಿಟ್ಟಿದ್ರ ನಿನ್ನ ಆಟ ಮುಗೀತಿತ್ತು."

ಪಂಪೇಶ್ ಸೀಟನ್ನು ಕಿತ್ತು ಟ್ಯಾಂಕಿ ಹೊರಗೆಳೆದ. ಕನಕರಾಜನ ಕೈಗೆ ಬೇಡಿ ಬಿತ್ತು. ಗೆದ್ದೆವು ಎಂದುಕೊಂಡು ಪಾಲಪ್ಪ ಅನುಸೂಯಾಳತ್ತ ನೋಡಿದ. ಅವಳ ಮುಖ ಮೊದಲಿಗಿಂತ ಬಿಳಿಚಿಕೊಂಡಿತ್ತು.

"ಹಂಗಾದ್ರ ಕಸಬರ್ಗಿ ಇಲ್ದನ ಹೋದ್ರು," ಎಂದಳು. "ನಾ ಇಟ್ಟಿದ್ದಕ್ಕ. ಕೊಂದದ್ದು ಕರ್ಪೂರ ಅಲ್ಲ, ಇದು."

ಉಚ್ಚಂಗೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ಪದ್ಧತಿ ಕಲಿಸಿದವಳೇ ಅವಳು. ಪಾಲಪ್ಪನಿಗೆ ದುರ್ಗಕ್ಕನ ಮೇಲೇ ಸಿಟ್ಟು ಬಂತು. ಸತ್ಯ ಹೇಳಿ ಬೆಂದ ಮನೆಯನ್ನು ಇನ್ನಷ್ಟು ಬೇಯಿಸಿದಳಲ್ಲ ಎನ್ನಿಸಿತು.

ದುರ್ಗಕ್ಕ ಕನಕರಾಜನ ಹತ್ತಿರ ಹೋದಳು. ಅವಳ ದನಿ ಅಷ್ಟು ತಗ್ಗಿದ್ದನ್ನು ಪಾಲಪ್ಪ ಎಂದೂ ಕೇಳಿರಲಿಲ್ಲ.

"ಇದು ಕೋರ್ಟಿಗಲ್ಲಪ್ಪ. ಮಾರೇಶ್ ದಿನಾ ಕಸಬರ್ಗಿ ಹಿಡಿತಾನ ಅಂತ ನಿನಗ ಗೊತ್ತಿತ್ತು. ಈಕಿ ಪದ್ಧತಿ ಗೊತ್ತಿರಲಿಲ್ಲ. ಗೊತ್ತಿಲ್ದನ ಅವತ್ತ ಉರಿ ಹಚ್ಚಿದಿ ಅಂದ್ರ, ಕಸಬರ್ಗಿಗೂ ಏನೋ ಒಂದು ಮಾಡಬೇಕಂತ ಬಂದಿರಬೇಕು. ಬಂದಿದ್ದಿ ಹೌದಿಲ್ಲೋ?"

ಜನರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು. ಕನಕರಾಜ್ ನೆಲದ ಮೇಲಿದ್ದ ಸುಟ್ಟ ಕಸಬರಿಗೆಯತ್ತ ನೋಡಿದ.

"ಅವತ್ತು ಬೆಳಿಗ್ಗೆ ಒಂಬತ್ತಕ್ಕೇ ಬಂದಿದ್ದೆ," ಎಂದ. "ಅವನ ಕಸಬರಿಗೆ ಎತ್ತಿಕೊಂಡು ಹೋಗಿ ಸುಟ್ಟುಬಿಡೋಣ ಅಂತ. ಎಲ್ಲಾ ಕಡೆ ಹುಡುಕಿದೆ, ಇರಲಿಲ್ಲ. ಇದ್ದಿದ್ದರೂ ಅವನ ಕೈಗೆ ಸಿಗುತ್ತಿರಲಿಲ್ಲ."

"ಇನ್ನೊಮ್ಮಿ ಹೇಳ್ರಿ," ಎಂದಳು ಅನುಸೂಯಾ.

ಅವನು ಇನ್ನೊಮ್ಮೆ ಹೇಳಿದ.

ಅವಳು ಅಲ್ಲೇ ಕುಸಿದು ಕುಳಿತು ಗಂಡನ ಹೆಸರು ಹಿಡಿದು ಅಳತೊಡಗಿದಳು. ಉಚ್ಚಂಗೆಮ್ಮ ಪಕ್ಕದಲ್ಲಿ ಕುಳಿತು ಸೊಸೆಯ ತಲೆಯನ್ನು ಮಡಿಲಿಗೆ ಎಳೆದುಕೊಂಡಳು.

"ಅಳವ್ವ," ಎಂದಳು. "ಇನ್ನ ನಾವಿಬ್ರೂ ಅಳಬೋದು."