ಮೀಸೆ ತೆಗೆದ ಅಜ್ಜ

ಬಬಲೇಶ್ವರದ ಅಜ್ಜ ರುಮಾಲು ತೆಗೆದು ಪಕ್ಕಕ್ಕಿಟ್ಟ. ಆಮೇಲೆ ಬಿಳಿ ಮೀಸೆಯ ತುದಿ ಹಿಡಿದು ಮೆಲ್ಲಗೆ ಎಳೆದ.

ಮೀಸೆ ಕೈಗೆ ಬಂತು!

ಕುಪ್ಪಸದ ಖಣ ಅಳೆಯುತ್ತಿದ್ದ ಕಾವ್ಯಾ ಹಿಂದೆ ಸರಿದಳು. ಸಿದ್ಧೇಶ್ವರ ಗುಡಿಯ ಬಳಿಯ ಆ ಸೀರೆ ಅಂಗಡಿಯಲ್ಲಿ ಅವಳೊಬ್ಬಳೇ ಇದ್ದಳು. ಅಪ್ಪ ಗುರಲಿಂಗಪ್ಪ ಊಟಕ್ಕೆ ಹೋಗಿದ್ದರು. ಎದುರಿಗಿದ್ದವನು ಸಾರವಾಡದ ಚೇತನಕುಮಾರ... ನಾಡನ್ನೆಲ್ಲ ನಗಿಸುವ ಸಿನಿಮಾ ನಟ. ಸಂಜೆ ತಾಯಿಯ ಜೊತೆ ಕಾವ್ಯಾಳನ್ನು ನೋಡಲು ಬರಬೇಕಾದ ವರ!

"ನಾನರೀ... ಹೆದರಬ್ಯಾಡ್ರಿ."

ಹೆದರದೆ ಏನು ಮಾಡಿಯಾಳು! ದನಿ ಬೇರೆ, ನಡಿಗೆ ಬೇರೆ. ಅಷ್ಟು ಸಿನಿಮಾ ನೋಡಿದವಳಿಗೂ ಗುರುತು ಸಿಕ್ಕಿರಲಿಲ್ಲ. ವಾರವೆಲ್ಲ ಬಬಲೇಶ್ವರದವನೆಂದು ಹೇಳಿಕೊಂಡು, ಖಣ ಕೊಳ್ಳುವ ನೆಪದಲ್ಲಿ ಬಂದ ಅಜ್ಜನ ಮುಂದೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಹೇಳಿಕೊಂಡಿದ್ದಳು.

ಕಾಲೇಜಿನಲ್ಲಿದ್ದಾಗ ಬರೀ ನಗಲಿಕ್ಕೆಂದು ಆ ನಟನ ಸಿನಿಮಾ ನೋಡುತ್ತಿದ್ದಳು. ಆಮೇಲೆ ಒಂದು ಸಿನಿಮಾದಲ್ಲಿ ಅವನು ಮಗಳನ್ನು ಕಳೆದುಕೊಂಡ ತಂದೆಯಾದ. ಊಟಕ್ಕೆ ಎರಡು ತಾಟು ಹಚ್ಚಿ, ಒಂದನ್ನು ವಾಪಸ್ಸು ಎತ್ತಿಟ್ಟ. ಅವತ್ತು ಅವಳಿಗೆ ಊಟ ಸೇರಲಿಲ್ಲ. ಹೆಂಡತಿಯನ್ನು ಬಡಿಯುವ ಸಾಹುಕಾರನಾದಾಗ ಅವನ ಪೋಸ್ಟರ್ ಕಂಡರೂ ಮುಖ ತಿರುಗಿಸಿದ್ದಳು. ಈತ ಏನು ಬೇಕಾದರೂ ಆಗಬಲ್ಲ ಎಂದು ಆಗ ತಿಳಿಯಿತು.

"ಅಂವ ಅಂದ್ರ ನನಗ ಜೀವ ಯಜ್ಜಾ... ಅದಕ್ಕ ಹೆದರಿಕಿ. ಅಷ್ಟ ಚಂದ ನಟನಾ ಮಾಡಾಂವ ಮನ್ಯಾಗ 'ನೀ ಅಂದ್ರ ಜೀವ' ಅಂದ್ರ, ಹೆಂಗ ನಂಬಲಿ?" ಎಂದು ನಿನ್ನೆ ಅತ್ತೂ ಬಿಟ್ಟಿದ್ದಳು.

ಯಾರ ಮುಂದೆ? ಅವನ ಮುಂದೆಯೇ!

"ಯಾಕ ಹಿಂಗ ಮಾಡಿದ್ರಿ?" ಅವಳು ಕೇಳಿದಳು.

"ಸಂಜಿಕ ಮಂದಿ ನಡುವ ಕುಂತ್ರ ನೀವು ತಲಿ ಎತ್ತೂದಿಲ್ಲ, ಮಾತಾಡೂದಿಲ್ಲ. ನಿಮಗ ಖರೇನ ಮನಸೈತೋ, ಮನಿಯವರ ಒತ್ತಾಯನೋ... ತಿಳಕೋಬೇಕಿತ್ರಿ. ನನಗ ಬರೂದು ಇದೊಂದ."

ಅವಳನ್ನು ನಗಿಸಲೆಂದು ಅವನು ಮೊಣಕಾಲು ಗಡಗಡ ನಡುಗಿಸಿ ಕಣ್ಣು ಗರಗರ ತಿರುಗಿಸಿದ. ಟಾಕೀಸಿನಲ್ಲಿ ಸಿಳ್ಳೆ ಬೀಳುವ ಆಟ ಅದು. ಅವಳು ನಗಲಿಲ್ಲ. ಆಗ ಅವನು ತಲೆ ತಗ್ಗಿಸಿ, ದನಿ ಇಳಿಸಿ, "ತಪ್ಪಾತ್ರಿ" ಎಂದ.

ಅಯ್ಯೋ... ಇದೂ ಸಿನಿಮಾದ್ದೇ! ತಮ್ಮನ ಕ್ಷಮೆ ಕೇಳುವ ಅಣ್ಣನ ಮುಖ!

ಕಾವ್ಯಾ ಅಳೆಯುತ್ತಿದ್ದ ಖಣವನ್ನು ಮಡಚಿಟ್ಟಳು. ಸಾಯುವತನಕ ಹೀಗೇ ಆದರೆ? ಯಾವುದು ಗಂಡ, ಯಾವುದು ಪಾತ್ರ ಎಂದು ಹುಡುಕುವುದರಲ್ಲೇ ಬಾಳು ಮುಗಿದರೆ?

"ಹೋಗ್ರಿ. ಸಂಜಿಕ ಬರಬ್ಯಾಡ್ರಿ. ನಾ ಒಲ್ಲೆ!"

ಅವನು ರುಮಾಲು ಸುತ್ತಿಕೊಳ್ಳಹೋದ, ಅದು ತಲೆಯ ಮೇಲೆ ನಿಲ್ಲಲೇ ಇಲ್ಲ. ಕಿವಿ ಕೆಂಪಾಗಿದ್ದವು. ಮೇಲ್ದುಟಿಗೆ ಎರಡು ಬಿಳಿ ಕೂದಲು ಅಂಟಿಕೊಂಡೇ ಇದ್ದವು, ಅದರ ಪರಿವೆಯೇ ಅವನಿಗಿರಲಿಲ್ಲ. ಬಾಗಿಲಿಗೆ ಹೋಗುವ ಬದಲು ಸೀರೆಯ ಕಪಾಟಿನ ಕಡೆ ನಡೆದು, ಗಾಬರಿಯಿಂದ ತಿರುಗಿದ.

'ಈ ಮುಖ ಯಾವ ಸಿನಿಮಾದ್ದು?'

ಕಾವ್ಯಾ ಒಂದೊಂದನ್ನೇ ನೆನಪಿಸಿಕೊಂಡಳು. ಒಂದನ್ನೂ ಬಿಡದೆ ನೋಡಿದವಳು ಅವಳು. ನಗಿಸುವ ಮುಖ, ಅಳಿಸುವ ಮುಖ, ಮೈ ಉರಿಸುವ ಮುಖ... ಇದು ಯಾವುದರಲ್ಲೂ ಇರಲಿಲ್ಲ!

"ನಿಂದರ್ರಿ... ಹೆದರಿಕಿ ಆಗೇತೇನ್ರಿ?"

"ಹೂಂ ರಿ."

"ಸಿನಿಮಾದಾಗ ನೀವು ಹೆದರೂದು ನಾ ಭಾಳ ಸಲ ನೋಡೀನಿ. ಹಿಂಗ ಇರೂದಿಲ್ಲ ಅದು."

"ಇದನ್ನ ಹೆಂಗ ಮಾಡೂದು ನನಗ ಗೊತ್ತಿಲ್ಲ, ಕಾವ್ಯಾ..."

ಅಂಜಿಕೆ ಅವಳನ್ನೂ ಪೂರ್ತಿ ಬಿಟ್ಟಿರಲಿಲ್ಲ. ಆದರೂ ಹತ್ತಿರ ಹೋಗಿ ಅವನ ತುಟಿಯ ಮೇಲಿನ ಕೂದಲನ್ನು ಮೆಲ್ಲಗೆ ತೆಗೆದಳು.

"ಇದನ್ನೊಂದು ಕಲೀಬ್ಯಾಡ್ರಿ," ಎಂದಳು. "ಸಂಜಿಕ ಅವ್ವನ್ನ ಕರಕೊಂಡು ಬರ್ರಿ."