ಒಂದು ಕುಂಡ ಮಾತ್ರ ಒಣಗಿತ್ತು

1983ರ ಏಪ್ರಿಲ್ 18, ಸೋಮವಾರ, ಬೆಳಗ್ಗೆ ಆರೂ ಮುಕ್ಕಾಲು. ಆರ್.ಟಿ. ನಗರದ ಬಾಡಿಗೆ ಮನೆಯೊಂದರ ಮಹಡಿ ಮೆಟ್ಟಿಲ ತಿರುವಿನಲ್ಲಿ ಶೇಖರಪ್ಪನವರ ಹೆಣವಿತ್ತು.

ಕಂಡವರು ತಂಗಿ ಗಂಗಾದೇವಿ. ದೂರವಾಣಿ ಕಚೇರಿಯಲ್ಲಿ ಆಪರೇಟರ್. ಗದಗಿನಲ್ಲಿ ಮದುವೆ ಮುಗಿಸಿ, ಯಶವಂತಪುರದಲ್ಲಿ ಆಗಷ್ಟೇ ರೈಲಿಳಿದು ಬಂದಿದ್ದರು. ಮನೆಯಲ್ಲಿ ಅಣ್ಣ ಇರಲಿಲ್ಲ. ಪಕ್ಕದ ಓಣಿಯಿಂದ ಮಹಡಿಗೆ ಹೋಗುವ ಬಾಗಿಲು ತೆರೆದರು. ಮೊದಲು ವಾಸನೆ ಬಂತು. ಆಮೇಲೆ ಅಣ್ಣನ ಕಾಲು ಕಂಡಿತು.

ಸಬ್ ಇನ್‌ಸ್ಪೆಕ್ಟರ್ ಚಿಕ್ಕಹನುಮಯ್ಯ ಎಂಟಕ್ಕೆ ಬಂದರು. ತಲೆಯ ಹಿಂಭಾಗ ಒಡೆದಿತ್ತು. ಹದಿನೆಂಟು ಮೆಟ್ಟಿಲು, ಎಲ್ಲವೂ ಕಿರಿದು. ಎರಡು ಮೂರು ದಿನದ ಹಿಂದೆ ಕಾಲು ಜಾರಿದ್ದಾರೆ ಎಂದರು. ಬಾಗಿಲಿನದು ಎಳೆದರೆ ತಾನೇ ಬೀಳುವ ಬೀಗ. ಯಾರೂ ನೋಡಿಲ್ಲ.

ಹೆಣ ಸಾಗಿಸಿದ ಮೇಲೆ ಗಂಗಾದೇವಿ ಗೋಡೆ ಹಿಡಿದುಕೊಂಡು ಮಹಡಿ ಹತ್ತಿದರು. ಹಲಗೆಗಳ ಮೇಲೆ ಅಣ್ಣನ ಇಪ್ಪತ್ತೆರಡು ಬೋನ್ಸಾಯ್ ಗಿಡಗಳಿದ್ದವು. ಗೇಣುದ್ದದ ಗೋಣಿ, ಅರಳಿ, ಹುಣಸೆ. ಕಾರ್ಖಾನೆಯಲ್ಲಿ ಅಚ್ಚು ಕೊರೆಯುತ್ತಿದ್ದ ಕೈಯಿಂದಲೇ ಶೇಖರಪ್ಪ ಎಳೆಯ ಕೊಂಬೆಗಳಿಗೆ ತಾಮ್ರದ ತಂತಿ ಸುತ್ತಿ, ದಿನಕ್ಕೆ ಕೂದಲೆಳೆಯಷ್ಟು ಬಗ್ಗಿಸುತ್ತಿದ್ದರು. ಕುಂಡಗಳ ಆಳ ನಾಲ್ಕು ಬೆರಳು. ಏಪ್ರಿಲ್ ಬಿಸಿಲಿಗೆ ಒಂದು ದಿನ ನೀರು ತಪ್ಪಿದರೆ ಎಲೆ ಸುರುಟುತ್ತದೆ. ಎರಡು ದಿನ ತಪ್ಪಿದರೆ ಗಿಡ ಹೋಯಿತು.

ಎಲೆಗಳು ಹಸಿರಾಗಿದ್ದವು. ಗಂಗಾದೇವಿ ಒಂದು ಕುಂಡಕ್ಕೆ ಬೆರಳಿಟ್ಟರು. ಮಣ್ಣು ಒದ್ದೆ.

ಒಂದೊಂದಾಗಿ ಎಲ್ಲವನ್ನೂ ಮುಟ್ಟಿದರು. ಇಪ್ಪತ್ತೊಂದು ಒದ್ದೆ. ಮೂಲೆಯ ಜೇಡ್ ಗಿಡದ ಕುಂಡ ಮಾತ್ರ ಒಣಗಿತ್ತು.

ಮಹಡಿಗೆ ಬೇರೆ ದಾರಿಯಿರಲಿಲ್ಲ. ಅವರು ಚಿಕ್ಕಹನುಮಯ್ಯನವರನ್ನು ಮೇಲಕ್ಕೆ ಕರೆದರು.

"ಸಾಹೇಬ್ರ, ನಮ್ಮಣ್ಣ ಬಿದ್ದಿದ್ದಾಗ ಯಾರೋ ದಾಟಿಕೊಂಡು ಮ್ಯಾಲ ಬಂದಾರ. ಗಿಡಕ್ಕ ನೀರ ಹಾಕಿ, ಮತ್ತ ದಾಟಿಕೊಂಡು ಹೋಗ್ಯಾರ."

ಚಿಕ್ಕಹನುಮಯ್ಯ ಹೆಸರಘಟ್ಟದ ಕಡೆ ದ್ರಾಕ್ಷಿ ಬೆಳೆಯುವ ಮನೆಯವರು. ತಾವೂ ಬೆರಳಿಟ್ಟು ನೋಡಿದರು. ಕಾಲು ಜಾರಿದ ಮಾತನ್ನು ಮತ್ತೆ ಆಡಲಿಲ್ಲ.

* * *

ಆ ಬಾಗಿಲಿಗೆ ಮೂರು ಬೀಗದ ಕೈ. ಒಂದು ಮನೆಯಲ್ಲಿ, ಒಂದು ಮನೆ ಮಾಲೀಕ ಪಿಳ್ಳಪ್ಪನ ಬಳಿ. ಮೂರನೆಯದು ಮೀಟರ್ ಪೆಟ್ಟಿಗೆಯೊಳಗಿನ ಮೊಳೆಯಲ್ಲಿ ಇರುತ್ತಿತ್ತು. ಈಗ ಮೊಳೆ ಖಾಲಿ.

ಕುಂಡಗಳ ನೀರಿಳಿದು ಸೂರು ಸೋರುತ್ತಿದೆ ಎಂದು ಪಿಳ್ಳಪ್ಪ ಹಿಂದಿನ ವಾರವಷ್ಟೇ ಬೀದಿಗೆಲ್ಲ ಕೇಳುವಂತೆ ಜಗಳ ಆಡಿದ್ದ. ಗಿಡಗಳನ್ನು ಮೋರಿಗೆಸೆಯುತ್ತೇನೆ ಎಂದಿದ್ದ. ಮಂಗಳವಾರ ಅವನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದರು.

"ನಾನ್ಯಾಕ್ ಸಾರ್ ಆ ಗಿಡಕ್ಕೆ ನೀರ್ ಆಕ್ಲಿ?" ಎಂದ ಪಿಳ್ಳಪ್ಪ. "ಆಕಿದ್ ನೀರೆಲ್ಲ ನನ್ ಸೂರಲ್ಲೇ ಸೋರ್ತೈತೆ."

ಹೇಳಿಕೆ ಕೊಡಲು ಬಂದಿದ್ದ ಗಂಗಾದೇವಿಗೆ ಅದು ಸರಿಯೆನಿಸಿತು. ಅಷ್ಟರಲ್ಲಿ ವೈದ್ಯರ ವರದಿ ಬಂತು. ಶೇಖರಪ್ಪ ಬಿದ್ದದ್ದು ಶುಕ್ರವಾರ ಸಂಜೆ. ಸತ್ತದ್ದು ಶನಿವಾರ ಬೆಳಗ್ಗೆ ಹತ್ತರ ಸುಮಾರಿಗೆ. ನಡುವೆ ಹದಿನಾರು ಗಂಟೆ ಉಸಿರಿತ್ತು.

ಅಂದು ಮಧ್ಯಾಹ್ನ ಮಣ್ಣಾಯಿತು. ಅಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವರು ನರಸಿಂಹಯ್ಯ. ಮುಂದಿನ ಕ್ರಾಸಿನವರು, ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು, ಭಾನುವಾರಗಳಂದು ಬಂದು ಶೇಖರಪ್ಪನಿಂದ ಕೆಲಸ ಕಲಿಯುತ್ತಿದ್ದವರು. ಹತ್ತನೇ ತಾರೀಖಿನ ಭಾನುವಾರ ಬಂದದ್ದೇ ಕೊನೆ, ಆಮೇಲೆ ಪರೀಕ್ಷೆಯ ಕೆಲಸ ಎಂದು ಪೊಲೀಸರಿಗೆ ಹೇಳಿದ್ದರು. ಗಿಡಗಳನ್ನು ತಮಗೇ ಕೊಟ್ಟರೆ ಮಕ್ಕಳಂತೆ ಸಾಕುತ್ತೇನೆ ಎಂದು ಗಂಗಾದೇವಿಯ ಮುಂದೆ ಕೈ ಮುಗಿದರು.

ಸಂಜೆ ಗಂಗಾದೇವಿ ಅಣ್ಣನ ನೋಟ್‌ಬುಕ್ ತೆರೆದರು. ಪ್ರತಿ ಗಿಡದ ಲೆಕ್ಕವೂ ಅದರಲ್ಲಿತ್ತು. ಕೊನೆಯ ಬರಹ: "15-4, ಶುಕ್ರವಾರ, ಸಂಜೆ 5. ಜೇಡ್. ಬೇರು ಕತ್ತರಿಸಿ ಅದೇ ಕುಂಡದಲ್ಲಿ ಕೂರಿಸಿದೆ. ಮೇಲೆ ಹಳೆಯ ಕಲ್ಲುಗಳನ್ನೇ ಹರಡಿದೆ. ಒಂದು ವಾರ ನೀರು ಕೂಡದು."

ಮೂರು ಸಲ ಓದಿ ಠಾಣೆಗೆ ಫೋನ್ ಮಾಡಿ, ನೀರು ಹಾಕಿದವರಿಗೆ ಇದು ಗೊತ್ತಿತ್ತು ಎಂದರು. ನೀರು ಹಾಕಿಸುವ ನೆಪದಲ್ಲಿ ಮೇಷ್ಟ್ರನ್ನು ನಾಳೆ ಸಂಜೆ ಐದಕ್ಕೆ ಕರೆಯಿರಿ, ಅದಕ್ಕೆ ಮೊದಲೇ ಬಂದು ಮೆಟ್ಟಿಲ ಬಳಿ ನಿಂತಿರುತ್ತೇನೆ ಎಂದರು ಚಿಕ್ಕಹನುಮಯ್ಯ.

ಮಲಗುವ ಕೋಣೆಯ ಗೋಡೆಯಾಚೆಗೇ ಆ ಮೆಟ್ಟಿಲು. ಗಂಗಾದೇವಿ ಬಾಗಿಲಿಗೆ ಟ್ರಂಕು ಅಡ್ಡವಿಟ್ಟು ಕೂತೇ ಬೆಳಗು ಮಾಡಿದರು.

* * *

ಬುಧವಾರ ನರಸಿಂಹಯ್ಯ ನಾಲ್ಕೂ ಇಪ್ಪತ್ತಕ್ಕೇ ಬಂದರು.

ಓಣಿಯಲ್ಲಿ ಯಾರೂ ಇರಲಿಲ್ಲ. ವಾಪಸು ಕಳಿಸಿದರೆ ಸಂಶಯ ಬರುತ್ತದೆ. ಗಂಗಾದೇವಿ ಬೀಗ ತೆಗೆದು, ಬಾಗಿಲು ಎಳೆಯದೆ ಬಿಟ್ಟರು. ಮೇಷ್ಟ್ರು ಮೆಟ್ಟಿಲ ತಿರುವಿನಲ್ಲಿ ನೆಲ ನೋಡದೆ, ಉದ್ದ ಹೆಜ್ಜೆ ಹಾಕಿ ಹತ್ತಿದರು.

"ನೀವ ನೀರ ಹಾಕ್ರಿ ಮಾಸ್ತರ್ರ. ನನಗೇನ ತಿಳೀತೈತಿ. ಎಲ್ಲಾದಕ್ಕೂ ಹಾಕ್ರಿ."

ಮೇಷ್ಟ್ರು ನೀರಿನ ಡಬ್ಬ ತುಂಬಿಸಿಕೊಂಡರು. ಗಂಗಾದೇವಿ ಮನಸ್ಸಿನಲ್ಲೇ ಎಣಿಸಿದರು. ಇಪ್ಪತ್ತೊಂದಾದ ಮೇಲೆ ಮೇಷ್ಟ್ರು ಡಬ್ಬ ಕೆಳಗಿಟ್ಟರು.

"ಒಂದ ಉಳೀತಲ್ರಿ."

"ಅದಕ್ಕೆ ಬೇಡಮ್ಮಾ. ಬೇರು ಕತ್ತರಿಸಿದಾರೆ. ಈಗ ಹಾಕಿದ್ರೆ ಕೊಳೆತೋಗುತ್ತೆ."

"ಯಾವಾಗ ಕತ್ತರಿಸ್ಯಾರ್ರಿ?"

ನರಸಿಂಹಯ್ಯ ಕುಂಡ ನೋಡಿದರು. ಹಳೆಯ ಕುಂಡ, ಪಾಚಿ ಹಿಡಿದ ಹಳೆಯ ಕಲ್ಲುಗಳು. ಬೇರು ಕತ್ತರಿಸಿದ ಗುರುತು ಮೇಲೆಲ್ಲೂ ಇರಲಿಲ್ಲ. ಮೆಟ್ಟಿಲ ಕಡೆ ನೋಡಿದರು. ಆಮೇಲೆ ಗಂಗಾದೇವಿಯನ್ನು.

"ಅಲ್ಲಿ ನಿಲ್ಬೇಡಿ ಅಮ್ಮಾ," ಎಂದರು ಮೆಲ್ಲಗೆ. "ಎರಡು ದಿನದಿಂದ ನಿದ್ದೆಯಿಲ್ಲ ನಿಮಗೆ. ತಲೆ ಸುತ್ತಿ ಬಿದ್ಬಿಡ್ತೀರ." ಒಂದು ಹೆಜ್ಜೆ ಮುಂದಿಟ್ಟರು.

ಮಹಡಿಯ ಗೋಡೆ ಮೊಣಕಾಲೆತ್ತರ. ಕೆಳಗೆ ಚರಂಡಿಯ ಚಪ್ಪಡಿ ಕಲ್ಲು. ಗಡಿಯಾರದಲ್ಲಿ ನಾಲ್ಕೂ ಮೂವತ್ತೈದು. ಗಂಗಾದೇವಿ ಹಲಗೆಯತ್ತ ಕೈ ಚಾಚಿದರು. ಕೈಗೆ ಹುಣಸೆಯ ಕುಂಡ ಸಿಕ್ಕಿತು. ಅದನ್ನೆತ್ತಿ ಗೋಡೆಯಾಚೆ ಹಿಡಿದರು.

"ಇನ್ನೊಂದ ಹೆಜ್ಜಿ ಇಟ್ರ ಬಿಡ್ತೀನಿ."

ಮೇಷ್ಟ್ರು ನಿಂತುಬಿಟ್ಟರು. ಎರಡೂ ಕೈ ಚಾಚಿದರು. "ಬೇಡ. ಎಂಟು ವರ್ಷದ ಗಿಡ ಅದು."

ಆಮೇಲೆ ಅವರ ಕಣ್ಣು ಕುಂಡ ಬಿಟ್ಟು ಕದಲಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಕಲಿಯಲೆಂದು ಎರವಲು ಒಯ್ದಿದ್ದ ಆ ಹುಣಸೆಯನ್ನು ಜನವರಿಯ ಪ್ರದರ್ಶನದಲ್ಲಿ ತಮ್ಮ ಹೆಸರಿನಲ್ಲಿಟ್ಟು ಬಹುಮಾನ ಪಡೆದಿದ್ದರು. ಶುಕ್ರವಾರ ಅದು ಶೇಖರಪ್ಪನ ಕಿವಿಗೆ ಬಿದ್ದಿತ್ತು. ಪ್ರದರ್ಶನದವರಿಗೂ ಕಾಲೇಜಿಗೂ ಪತ್ರ ಬರೆಯುತ್ತೇನೆ ಎಂದು ಇಳಿಯುತ್ತಿದ್ದವರನ್ನು ಮೇಷ್ಟ್ರು ಹಿಂದಿನಿಂದ ತಳ್ಳಿದರು.

"ಶನಿವಾರ ಮುಂಜಾನೆ ನೀವು ಬಂದಾಗ ಉಸಿರಿತ್ತೇನ್ರಿ?"

"ಕೈ ಅಲುಗ್ತಿತ್ತು."

"ಮತ್ತ?"

"ಬಿಸಿಲು ಏರ್ತಿತ್ತಮ್ಮಾ. ಗಿಡಗಳು ಬಾಡ್ತಿದ್ವು."

ಗಂಗಾದೇವಿ ಕುಂಡ ಇಳಿಸಲಿಲ್ಲ. ಕುಂಡದಿಂದ ನೀರು ತೊಟ್ಟಿಕ್ಕಿ ಮೊಣಕೈಗಿಳಿಯಿತು. ನಾಲ್ಕೂ ಮುಕ್ಕಾಲಿಗೆ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಚಿಕ್ಕಹನುಮಯ್ಯ ಮೇಷ್ಟ್ರ ಜೇಬು ತಡಕಿ ಮೂರನೆಯ ಬೀಗದ ಕೈ ತೆಗೆದರು.

* * *

ಠಾಣೆಯಲ್ಲಿ ಚಿಕ್ಕಹನುಮಯ್ಯ ಎಲ್ಲವನ್ನೂ ಸರಳವಾಗಿ ಬರೆದುಕೊಂಡರು. ಗಿಡ ಸಾಯಲಿ ಎನ್ನುವ ಪಿಳ್ಳಪ್ಪ ಒಂದಕ್ಕೂ ನೀರು ಹಾಕುತ್ತಿರಲಿಲ್ಲ. ಏನೂ ತಿಳಿಯದವರು ಇಪ್ಪತ್ತೆರಡಕ್ಕೂ ಹಾಕುತ್ತಿದ್ದರು. ಜೇಡ್ ಒಂದನ್ನೇ ಬಿಡಬೇಕಾದರೆ ಶುಕ್ರವಾರ ಸಂಜೆ ಐದಕ್ಕೆ ಅದರ ಬೇರು ಕತ್ತರಿಸಿದ್ದನ್ನು ಕಂಡಿರಬೇಕು, ಇಲ್ಲವೇ ಆಮೇಲೆ ಶೇಖರಪ್ಪನ ಬಾಯಿಂದ ಕೇಳಿರಬೇಕು. ನೋಟ್‌ಬುಕ್ ಮನೆಯೊಳಗಿತ್ತು, ಮನೆಗೆ ಬೀಗವಿತ್ತು. ಆ ವಾರ ಬಂದೇ ಇಲ್ಲ ಎಂದವರ ಬಾಯಿಂದಲೇ ಬೇರು ಕತ್ತರಿಸಿದ ಮಾತು ಹೊರಬಿತ್ತು.

ಪಿಳ್ಳಪ್ಪನನ್ನು ಆ ಸಂಜೆಯೇ ಬಿಟ್ಟರು. ಹೊರಡುವಾಗ ಅವನು ಗಂಗಾದೇವಿಯ ಮುಂದೆ ನಿಂತು, "ಸೂರು ಸೋರ್ಲಿ ಬುಡಮ್ಮ," ಎಂದ.

22ನೇ ತಾರೀಖು, ಶುಕ್ರವಾರ, ಸಂಜೆ ಐದಕ್ಕೆ ಗಂಗಾದೇವಿ ಜೇಡ್ ಗಿಡಕ್ಕೆ ನೀರು ಹಾಕಿದರು.