ಇಮಾನ್ ಪಟ್ಟಿ

"ಔಟ್! ಬ್ಯಾಟಿಗೆ ತಾಗೈತಿ. ಸಪ್ಪಳ ಕೇಳೈತಿ!" ಮಾಹಿರಾ ಬಾಲನ್ನು ಎದೆಗೆ ಅವಚಿಕೊಂಡು ಕೂಗಿದಳು.

"ತಾಗಿಲ್ಲ," ಎಂದ ಸಂಗನಬಸವ. ಬ್ಯಾಟು ಬಿಡಲಿಲ್ಲ.

"ಲೇ, ಇಮಾನ್ ಪಟ್ಟಿ ಮ್ಯಾಲೆ ನಿಂತೀದಿ. ಖರೇ ಹೇಳು."

ಈ ಮಾತು ಬಂದರೆ ಜಗಳ ಮುಗಿದ ಹಾಗೆಯೇ. ಗೊರೇಬಾಳದ ಹತ್ತಿರ, ಕಾಲುವೆ ಬಂದ ಮೇಲೆ ಎದ್ದ ಕ್ಯಾಂಪು ಎಂಬ ಪುಟ್ಟ ಊರಿನಲ್ಲಿ, ಭತ್ತದ ಗದ್ದೆಗಳ ನಡುವೆ ಉದ್ದಕ್ಕೆ ಬಿದ್ದಿದ್ದ ಗಟ್ಟಿ ನೆಲಕ್ಕೆ ಎಲ್ಲರೂ ಇಮಾನ್ ಪಟ್ಟಿ ಎನ್ನುತ್ತಿದ್ದರು. ಮಾಹಿರಾಳ ಮನೆಯಲ್ಲಿ ಇಮಾನ್ ಎಂದರೆ ಪ್ರಾಮಾಣಿಕತೆ. ಸಕ್ಕರೆ ಡಬ್ಬಿ ಖಾಲಿ ಕಂಡಾಗಲೆಲ್ಲ ಅಜ್ಜಿ ಚಾಂದ್‌ಬೀ ನಾನಿ ಅವಳ ಕಿವಿ ಹಿಡಿದು "ಇಮಾನ್ ಸೆ ಬೋಲ್", ನಿಜ ಹೇಳು, ಎನ್ನುತ್ತಿದ್ದರು. ಹಾಗಾಗಿ, ಈ ಪಟ್ಟಿಯ ಮೇಲೆ ಸುಳ್ಳು ಹೇಳಿದರೆ ನಾಲಿಗೆಯ ಮೇಲೆ ಗುಳ್ಳೆಗಳು ಏಳುತ್ತವೆ ಎಂದು ಮಾಹಿರಾ ಹುಡುಗರಿಗೆಲ್ಲ ಯಾವಾಗಲೋ ಸಾರಿಬಿಟ್ಟಿದ್ದಳು. ಪಾಪ, ಅವರೂ ನಂಬಿದ್ದರು.

ಅದರಿಂದ ಅವಳಿಗೆ ಲಾಭವೂ ಇತ್ತು. ಶಾಲೆಯ ಮೈದಾನದಲ್ಲಿ ಇದೇ ಹುಡುಗರು ಏನಾದರೊಂದು ನೆವ ಹೇಳಿ ಅವಳಿಗೆ ಬ್ಯಾಟಿಂಗೇ ಕೊಡುತ್ತಿರಲಿಲ್ಲ. ಇಲ್ಲಿ ಮಾತ್ರ ಆಟ ನ್ಯಾಯವಾಗಿ ನಡೆಯುತ್ತಿತ್ತು. ಸಂಗನಬಸವ ಔಟಾದರೆ ಮುಂದಿನ ಬ್ಯಾಟಿಂಗ್ ಅವಳದೇ.

ಆದರೆ ಇವತ್ತು ಅವನು ಹಲ್ಲು ಕಿರಿದ. "ಇದು ಇಮಾನ್ ಅಲ್ಲ ಬೇ, ವಿಮಾನ! ಮೊದಲು ಇಲ್ಲಿ ವಿಮಾನ ಇಳೀತಿದ್ವಂತ. ಮಂದಿ ಬಾಯಾಗ ಅದು ಇಮಾನ ಆಗೈತಿ. ನಮ್ಮ ತಾತ ಹೇಳ್ಯಾನ."

"ಹಂಗಾದ್ರ ಗುಳ್ಳಿ ಏಳಂಗಿಲ್ಲೇನು?" ಫೀಲ್ಡಿಂಗಿಗೆ ನಿಂತಿದ್ದ ರಫೀಕ್ ಕಣ್ಣರಳಿಸಿದ.

"ಏನೂ ಏಳಂಗಿಲ್ಲ. ನಾ ನಾಟೌಟ್."

ಮಾಹಿರಾಳ ಮೈಯೆಲ್ಲ ಉರಿದುಹೋಯಿತು. "ಸಿಂಧನೂರಿಗೇ ವಿಮಾನ ಇಲ್ಲ, ನಮ್ಮ ಕ್ಯಾಂಪಿಗೆ ಬರ್ತಿತ್ತಂತ! ಸುಳ್ಳು ಅಂತ ಪ್ರೂಫ್ ಮಾಡ್ತೀನಿ ತಡಿ."

ಅವಳು ನೆಟ್ಟಗೆ ಸಂಗನಬಸವನ ತಾತ ಹಂಪಣ್ಣನ ಕಿರಾಣಿ ಅಂಗಡಿಗೆ ಹೋದಳು.

"ತಾತ, ವಿಮಾನ ನೀವು ಕಣ್ಣಾರೆ ನೋಡೀರೇನ್ರಿ?"

ಹಂಪಣ್ಣ ತಾತ ಬೆಲ್ಲ ಒಡೆಯುವುದನ್ನು ನಿಲ್ಲಿಸಿದ. "ನೋಡೀನವ್ವ. ಕಾಲುವಿ ನೀರು ಬಂದ ಮ್ಯಾಲೆ ಎಲ್ಲಾ ಕಡಿ ಭತ್ತ ಹಚ್ಚಿದ್ರು. ಹುಳ ಬಿದ್ದಾಗ ಔಷಧದ ಎಣ್ಣಿ ಹೊಡೆಯಾಕ ಸಣ್ಣ ಸಣ್ಣ ವಿಮಾನ ಬರ್ತಿದ್ವು. ಒಂದು ಖೋಲಿ, ಎಣ್ಣಿ ಕಲಸಾಕ ಒಂದು ಸಿಮೆಂಟ್ ತೊಟ್ಟಿ, ಗಾಳಿ ಯಾ ಕಡಿ ಐತಿ ಅಂತ ನೋಡಾಕ ಕಂಬದ ಮ್ಯಾಲೆ ಬಟ್ಟಿ ಚೀಲ. ಅಷ್ಟ ನಮ್ಮ ಏರ್‌ಪೋರ್ಟು."

"ಟಿಕೆಟ್ ಕೌಂಟರ್?"

"ಟಿಕೆಟ್ ಯಾರಿಗವ್ವ, ಎಮ್ಮಿಗಳಿಗೇನು? ವಿಮಾನ ಇಳಿಯೋವಾಗ ಪಟ್ಟಿ ಮ್ಯಾಲಿನ ಎಮ್ಮಿ ಓಡಿಸಾಕ ಮಲೀಕಸಾಬನ್ನ ಇಟ್ಟಿದ್ರು. ಸೆಕ್ಯುರಿಟಿ ಅಂದ್ರ ಅವನ! ಮುಂದ ಮಂದಿ ಬೆನ್ನಿಗೆ ಪಂಪ್ ಕಟ್ಟಿಗೊಂಡು ತಾವ ಹೊಡೆಯಾಕತ್ತಿದ್ರು, ವಿಮಾನ ನಿಂತ್ವು."

"ಈಗ ಅಲ್ಲಿ ಒಂದೂ ಇಲ್ಲಲ್ರಿ?"

"ಖೋಲಿ ಕಲ್ಲು, ಕಂಬ ಎಲ್ಲಾ ಮಂದಿ ಹೊತ್ಕೊಂಡು ಹೋದ್ರು. ಆದ್ರ ಮ್ಯಾಲಿಂದ ಕಾಣಲಿ ಅಂತ ಪಟ್ಟಿ ಎರಡೂ ಅಂಚಿಗೆ ಸುಣ್ಣ ಬಳಿದ ಕಲ್ಲು ಹುಗಿದಿದ್ರು. ಜಾಲ್ಯಾಗ ಹುಡುಕಿದ್ರ ಸಿಗಬಹುದು ನೋಡು."

ಕಲ್ಲು ಸಿಗದಿದ್ದರೆ ಇದೆಲ್ಲ ಬರೀ ಕತೆ ಎಂದಾಯಿತು. ಮಾಹಿರಾ ಅಷ್ಟನ್ನೇ ಹಿಡಿದುಕೊಂಡಳು.

ಮರುದಿನ ಭಾನುವಾರ. ಬೆಳಿಗ್ಗೆ ಒಂದು ಕೋಲು ಹಿಡಿದು ಒಬ್ಬಳೇ ಪಟ್ಟಿಗೆ ಹೋದಳು. ಜಾಲಿ ಮುಳ್ಳು ಕೈಕಾಲು ಗೀರಿತು. ಒಂದು ಅಂಚಿನುದ್ದಕ್ಕೂ ಕೆದಕಿದಳು. ಏನೂ ಇರಲಿಲ್ಲ! ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಆಗಲೇ ಮನೆಗೆ ಹೋಗಿದ್ದರೆ ಗೆದ್ದಂತೆಯೇ ಆಗುತ್ತಿತ್ತು. ಆದರೆ ಅರ್ಧಕ್ಕೆ ಬಿಟ್ಟು ಹೋಗುವ ಹುಡುಗಿಯೇ ಅವಳಲ್ಲ. ಇನ್ನೊಂದು ಅಂಚನ್ನೂ ನೋಡಲು ಹೊರಟಳು.

ಠಕ್ ಎಂದಿತು ಕೋಲು.

ಮಾಹಿರಾ ಕುಳಿತು ಮಣ್ಣು ಕೆರೆದಳು. ಕಲ್ಲು. ಅದರ ಮೇಲೆ ಬೆಳ್ಳಗೆ ಸುಣ್ಣ. ಸ್ವಲ್ಪ ಮುಂದೆ ಇನ್ನೊಂದು, ಅದರಾಚೆ ಮತ್ತೊಂದು, ಎಲ್ಲ ಒಂದೇ ಸಾಲಿನಲ್ಲಿ. ಎದ್ದು ನಿಂತು ನೋಡಿದರೆ ತಾನು ದಿನವೂ ಆಡುವ ಜಾಗದಲ್ಲಿ ವಿಮಾನವೊಂದು ಎಮ್ಮೆಗಳನ್ನು ಹೆದರಿಸುತ್ತ ಇಳಿದಂತಾಯಿತು. ಒಂದು ಕ್ಷಣ ಅವಳಿಗೆ ಜಗಳವೇ ಮರೆತುಹೋಯಿತು.

ಆಮೇಲೆ ನೆನಪಾಯಿತು. ಈ ಕಲ್ಲು ಕಂಡರೆ ಗೆದ್ದವನು ಸಂಗನಬಸವ.

ಸುತ್ತ ಯಾರೂ ಇರಲಿಲ್ಲ. ಚಪ್ಪಲಿಯಿಂದ ಕಲ್ಲಿನ ಮೇಲೆ ಮಣ್ಣು ತಳ್ಳಿದಳು. ಮೂರೂ ಮುಚ್ಚಿಹೋದವು. ಇನ್ನು ಸಿಗಲಿಲ್ಲ ಎಂದುಬಿಟ್ಟರಾಯಿತು, ಪಟ್ಟಿ ಇಮಾನ್ ಪಟ್ಟಿಯಾಗಿಯೇ ಉಳಿಯುತ್ತದೆ.

ಕಾಲುವೆಯವರೆಗೆ ಬಂದಳು. ಕಾಲು ಮುಂದೆ ಹೋಗಲಿಲ್ಲ. ಸಂಜೆ ಸಂಗನಬಸವನಿಗೆ 'ಖರೇ ಹೇಳು' ಎನ್ನುವಾಗ ತಾನು ಮುಖ ಎಲ್ಲಿಟ್ಟುಕೊಳ್ಳುವುದು? ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ತಿರುಗಿ ಹೋಗಿ, ಕಲ್ಲುಗಳನ್ನು ಮತ್ತೆ ಕೆರೆದು ಬಿಡಿಸಿದಳು. ಈ ಸಲ ದುಪಟ್ಟಾದಿಂದ ಒರೆಸಿ ಫಳಫಳ ಎನ್ನಿಸಿದಳು.

ಸಂಜೆ ಹುಡುಗರನ್ನೆಲ್ಲ ಕರೆದುತಂದು ತೋರಿಸಿದಳು. "ಸಂಗಣ್ಣ, ನಿಮ್ಮ ತಾತ ಹೇಳಿದ್ದು ಖರೇ ಐತಿ. ಇದು ವಿಮಾನದ ಪಟ್ಟಿನ. ನಾ ತಪ್ಪು ತಿಳ್ಕೊಂಡಿದ್ದೆ." ಕೊನೆಯ ಮಾತು ಹೇಳಲು ಅವಳಿಗೆ ಮನಸ್ಸೇ ಇರಲಿಲ್ಲ. ಆದರೂ ಹೇಳಿದಳು.

"ಹೋ!" ರಫೀಕ್ ಎರಡೂ ಕೈ ಚಾಚಿ ವಿಮಾನವಾಗಿ ಓಡಿದ. ಉಳಿದವರೂ ಬುರ್ರೆಂದು ಬೆನ್ನು ಹತ್ತಿದರು. ಸಂಗನಬಸವ ಮಾತ್ರ ಕಲ್ಲಿನ ಹತ್ತಿರವೇ ನಿಂತಿದ್ದ.

"ಇದನ್ನ ನೀನ ಹುಡುಕಿದ್ಯಾ?"

"ಹೂಂ."

"ಸಿಕ್ಕಿಲ್ಲ ಅಂದಿದ್ರ ನಮಗೇನು ಗೊತ್ತಾಗ್ತಿತ್ತು?"

ಮಾಹಿರಾ ಕಾಲಿನ ಮುಳ್ಳು ತೆಗೆಯುತ್ತ ಕುಳಿತಳು.

ಅವನು ಸ್ವಲ್ಪ ಹೊತ್ತು ಬ್ಯಾಟಿನಿಂದ ನೆಲ ಕುಟ್ಟಿದ. "ನಿನ್ನಿ ಬಾಲ್ ತಾಗಿತ್ತು," ಎಂದ ತಲೆ ಎತ್ತದೆ. "ಸಪ್ಪಳ ನನಗೂ ಕೇಳಿತ್ತು. ತಗೋ, ಬ್ಯಾಟಿಂಗ್ ನಿಂದು."

ಮಾಹಿರಾ ಬ್ಯಾಟು ಹಿಡಿದು ವಿಕೆಟ್ಟಿನ ಮುಂದೆ ನಿಂತಳು. ವಿಮಾನಗಳೆಲ್ಲ ತಿರುಗಿ ಬಂದು ಫೀಲ್ಡಿಂಗಿಗೆ ನಿಂತವು. ಸಂಗನಬಸವ ಬಾಲ್ ಹಾಕಲು ಓಡಿ ಬರುತ್ತಿದ್ದ. ಬಾಲ್ ತಾಗಿತ್ತು ಎಂದು ಅವನು ತಾನಾಗಿ ಒಪ್ಪಿಕೊಂಡಿದ್ದ, ಖರೇ ಹೇಳು ಎಂದು ಯಾರೂ ಕೇಳಿರಲೇ ಇಲ್ಲವಲ್ಲ ಎಂದು ಅವಳಿಗೆ ಆಗ ಹೊಳೆಯಿತು.